ಮೂರು ದಪ್ಪ ಕಂಬಗಳು

ನನ್ನ ಗಂಡ ಈರಬಸಪ್ಪ ತೀರಿಕೊಂಡ ದಿನ ನಮ್ಮ ಮನೆಯ ಬಾಗಿಲು ಸಲೀಸಾಗಿ ಮುಚ್ಚಿಕೊಳ್ಳಹೊರಟಿತು. ನಮ್ಮೂರಿನಲ್ಲಿ ಹೆಂಡತಿಯಾದವಳಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ನಮ್ಮಲ್ಲಿ ತಲೆಗೊಂದು ಪಾಲು. ಉದ್ದ ಆರು ಮೊಳ, ಅಗಲ ಆರು ಮೊಳ, ಎತ್ತರ ಆರು ಮೊಳ. ಗುಣಿಸಿದರೆ ಇನ್ನೂರ ಹದಿನಾರು. ಮನೆಯೊಳಗಿನ ಜಾಗ ಆ ಮನೆಯವರ ಪಾಲನ್ನು ಮೀರಿತೆಂದರೆ ಬಾಗಿಲು ಮುಚ್ಚುವುದಿಲ್ಲ. ಒಬ್ಬರ ಪಾಲು ಮೀರಿದರೆ ಒಂದು ಗೇಣು ತೆರೆದು ನಿಲ್ಲುತ್ತದೆ, ಇಬ್ಬರದು ಮೀರಿದರೆ ಎರಡು ಗೇಣು. ಎತ್ತು ಕಟ್ಟಿ ಎಳೆದರೂ ಅದು ಅಲ್ಲಾಡುವುದಿಲ್ಲ. ಹಾಗಾಗಿ ಸೊಸೆ ಬಂದಾಗ, ಕೂಸು ಹುಟ್ಟಿದಾಗ ಜನ ಗೋಡೆ ಹಿಂದಕ್ಕೆ ಸರಿಸಿ ಕಟ್ಟುತ್ತಾರೆ. ಯಾರಾದರೂ ಸತ್ತಾಗ ನೆಲ ಏರಿಸಿಯೋ ಮೂಲೆ ಮುಚ್ಚಿಯೋ ಸತ್ತವರ ಪಾಲನ್ನು ಮಣ್ಣಿನಿಂದ ತುಂಬುತ್ತಾರೆ. ಯಾರು ಯಾವ ಮನೆಯ ಲೆಕ್ಕಕ್ಕೆ ಸೇರಿದವರು ಎಂಬುದು ಮಾತ್ರ ಯಾರಿಗೂ ಖಚಿತವಿಲ್ಲ. ಉಣ್ಣುವ ಮನೆ ಎನ್ನುವವರಿದ್ದಾರೆ, ಮಲಗುವ ಮನೆ ಎನ್ನುವವರಿದ್ದಾರೆ. ಕೊನೆಗೆ ಎಲ್ಲರೂ ಬಾಗಿಲಿಗೆ ಗೊತ್ತು ಎಂದು ಸುಮ್ಮನಾಗುತ್ತಾರೆ.

ನನ್ನ ಹೆಸರು ಕಸ್ತೂರಿ. ಮನೆಗಳ ಘನಫಲ ತೆಗೆಯುವುದು ನನ್ನ ಕೆಲಸ. ನನ್ನ ಅಪ್ಪನಿಂದ ಬಂದದ್ದು. ಈರಬಸಪ್ಪ ಗೌಂಡಿ. ಸಾವಾದ ಮನೆಗೆ ನಾವಿಬ್ಬರೂ ಜೊತೆಯಲ್ಲಿ ಹೋಗುತ್ತಿದ್ದೆವು. ನಾನು ಅಳತೆಗೋಲು ಹಿಡಿದು ಎಷ್ಟು ತುಂಬಬೇಕೆಂದು ಹೇಳುವುದು, ಅವನು ತುಂಬುವುದು. ಊರವರು ನಮ್ಮನ್ನು ಗಾಡಿಯ ಎರಡು ಗಾಲಿ ಎನ್ನುತ್ತಿದ್ದರು. ಬದುಕಿದ್ದಾಗ ನಾನು ಅವನನ್ನು ‘ಅವರು’ ಎನ್ನುತ್ತಿದ್ದೆ. ಈಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ.

ಹೆಣ ಎತ್ತಿದ ಮೇಲೆ ಹೆಂಡತಿಯೇ ಬಾಗಿಲು ಎಳೆಯಬೇಕು, ಅದು ಗೇಣಗಲ ಬಿಟ್ಟುಕೊಂಡು ನಿಲ್ಲಬೇಕು, ನೆರೆದ ಹೆಂಗಸರು ಅದನ್ನು ನೋಡಿ ಅಳಬೇಕು. ಇದು ನಮ್ಮ ಪದ್ಧತಿ. ನಾನೂ ಎಳೆದೆ. ತಡೆದು ನಿಲ್ಲುತ್ತದೆ ಎಂದು ಕಾದೆ. ಬಾಗಿಲು ನಿಲ್ಲಲಿಲ್ಲ. ಹಸು ಕೊಟ್ಟಿಗೆಗೆ ಬಂದಂತೆ ತಾನಾಗಿ ಬಂತು. ಇನ್ನೇನು ಚೌಕಟ್ಟಿಗೆ ಕೂರಬೇಕು, ನಾನು ಎಡಗಾಲನ್ನು ಸಂದಿಗೆ ಕೊಟ್ಟೆ. ಹೆಬ್ಬೆರಳಿನ ಉಗುರು ಸೀಳಿತು. ನಾನು ಕೂಗಿಕೊಂಡೆ, ನನ್ನ ಹಿಂದೆ ಎಲ್ಲರೂ ಅತ್ತರು.

“ಬಾಗಲಾ ಬಿಟಗೊಂಡೈತಿ ನೋಡ್ರಿ,” ಎಂದಳು ಪಕ್ಕದ ಮನೆಯ ಚೆಂಬವ್ವ. “ಎಷ್ಟ ಹಚಗೊಂಡಿದ್ದ ಹೆಂಡ್ತಿನ್ನ.”

ಎಲ್ಲರೂ ಹೋದ ಮೇಲೆ ಹೊಸ್ತಿಲಿಗೆ ಒಂದು ಕಲ್ಲು ಇಟ್ಟು ಬಾಗಿಲನ್ನು ಗೇಣಗಲಕ್ಕೆ ನಿಲ್ಲಿಸಿದೆ. ಮಾತನಾಡಿಸಲು ಬಂದವರು ಆ ಸಂದಿಯನ್ನು ನೋಡಿ ನಿಟ್ಟುಸಿರು ಬಿಟ್ಟು ಒಳಗೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಅತ್ತೆಗೆ ಆ ಕಲ್ಲು ಕಂಡಿರಬೇಕು. ದಾಟುವಾಗ ಕಾಲು ಎತ್ತಿ ಇಡುತ್ತಿದ್ದರು.

ಮರುದಿನವೇ ಇರಬೇಕು, ಚೆಂಬವ್ವ ಬುತ್ತಿ ತಂದವಳು ಕುಳಿತು ಸುದ್ದಿ ಬಿಚ್ಚಿದಳು. “ಕೆರಿ ದಾರಿ ತುಂಗವ್ವ ಇಲ್ಲೇನ, ಕೌದಿ ಹೊಲಿಯಾಕಿ? ಆಕಿ ಬಾಗಲಾನೂ ಮುಚ್ಚವಲ್ದಂತ. ಇರಾಕಿ ಒಬ್ಬಾಕಿ. ಯಾರ ಸತ್ತಾರ ಅಂತ ಬಿಟಗೊಂಡೈತೋ ಏನೋ.”

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ತುಂಗವ್ವನನ್ನು ನಾನು ಬಲ್ಲೆ. ನನಗಿಂತ ಹಿರಿಯಳು. ಮುಂದಿನ ಹಲ್ಲೊಂದಿಲ್ಲ, ಕಣ್ಣು ಮಂಜು. ಕೆಲವು ವರ್ಷಗಳ ಹಿಂದೆ ಅವಳ ತಾಯಿ ತೀರಿಕೊಂಡಾಗ ಅವಳ ಮನೆಯನ್ನು ಅಳೆದವಳು ನಾನೇ. ದುಂಡು ಮನೆ ಅದು: ಕೆಳಗೆ ಕಂಬದಂಥ ಸುತ್ತುಗೋಡೆ, ಮೇಲೆ ಶಂಕುವಿನಂಥ ಸೂರು. ನಟ್ಟನಡುವಿನಿಂದ ಗೋಡೆಗೆ ಐದು ಮೊಳ, ಗೋಡೆಯ ಎತ್ತರ ನಾಲ್ಕು ಮೊಳ, ಅಲ್ಲಿಂದ ತುದಿಗೆ ನಾಲ್ಕೂವರೆ. ಐದನ್ನು ಐದರಿಂದ ಗುಣಿಸಿ, ಅದನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ ನೆಲ ಎಪ್ಪತ್ತೆಂಟೂವರೆ ಆಗುತ್ತದೆ. ಅದರ ನಾಲ್ಕು ಪಟ್ಟು ಸುತ್ತುಗೋಡೆಯೊಳಗಿನ ಜಾಗ. ಸೂರಿನದು ಅಷ್ಟೇ ಅಗಲ, ಅಷ್ಟೇ ಎತ್ತರದ ಕಂಬದ ಮೂರರಲ್ಲಿ ಒಂದು ಪಾಲು. ಎರಡೂ ಸೇರಿ ನಾನೂರ ಮೂವತ್ತೆರಡು, ಸರಿಯಾಗಿ ಇಬ್ಬರ ಪಾಲು. “ಇನ್ನೂರ ಹದಿನಾರು ತುಂಬ್ರಿ,” ಎಂದು ಈರಬಸಪ್ಪನಿಗೆ ಹೇಳಿ, ನಾನು ತಂಗಿಯ ಬಾಣಂತನಕ್ಕೆಂದು ಹೊಳೆಯಾಚೆಯ ಊರಿಗೆ ಹೊರಟುಹೋಗಿದ್ದೆ. ತಿರುಗಿ ಬಂದಾಗ ತುಂಗವ್ವನ ಬಾಗಿಲು ಮುಚ್ಚುತ್ತಿತ್ತು. ಕೆಲಸ ಮುಗಿದಿದೆ ಎಂದುಕೊಂಡೆ. ಮತ್ತೆ ಆ ಮನೆಯೊಳಗೆ ಕಾಲಿಡುವ ಪ್ರಸಂಗ ನನಗೆ ಬರಲಿಲ್ಲ.

ಆದರೆ ನಾನು ಬಂದಾಗ ಬದಲಾಗಿದ್ದದ್ದು ನಮ್ಮ ಮನೆ. ನೆಲ ಒಂದು ಮೊಳ ಮೇಲೆದ್ದಿತ್ತು. ಥಂಡಿ ಏರುತ್ತಿತ್ತು ಎಂದ ಈರಬಸಪ್ಪ. ಪಡುವಣ ಗೋಡೆಗೆ ಒಳಗಿನಿಂದ ಮೊಳ ದಪ್ಪದ ಇನ್ನೊಂದು ಗೋಡೆ ಬಂದಿತ್ತು. ಸಂಜೆಯ ಬಿಸಿಲು ತಡೆಯುತ್ತದೆ ಎಂದ. ಮೂಲೆಯಲ್ಲೊಂದು ಕಟ್ಟೆ, ನೀನು ಕುಳಿತು ಲೆಕ್ಕ ಮಾಡಲಿಕ್ಕೆ ಎಂದ. ನಡುಮನೆಯಲ್ಲಿ ಮೂರು ಕಂಬಗಳು, ಒಂದೊಂದೂ ಎರಡು ಮೊಳ ದಪ್ಪ.

“ಇಷ್ಟ ದಪ್ಪ ಕಂಬ ಯಾತಕ್ಕರಿ?” ಎಂದು ಕೇಳಿದ್ದೆ.

“ತಬ್ಬಿಕೊಳ್ಳಾಕ,” ಎಂದಿದ್ದ. ನಾನು ನಾಚಿಕೊಂಡು ಒಳಗೆ ಹೋಗಿದ್ದೆ.

ಕಟ್ಟೆಯ ಮೇಲೆ ಮಣ್ಣಿನಲ್ಲಿ ಒಂದು ಗೋಳ, ಪಕ್ಕದಲ್ಲಿ ಒಂದು ಶಂಕು ಮಾಡಿಟ್ಟಿದ್ದ. ಎರಡೂ ಒಂದು ಮೊಳ ಅಗಲ, ಒಂದು ಮೊಳ ಎತ್ತರ. ಮದುವೆಯಾದ ಹೊಸತರಲ್ಲಿ ನಾನು ಅವನಿಗೆ ಕಲಿಸಿದ ಮೊದಲ ಪಾಠ ಅದು. ಒಂದೇ ಅಗಲ ಎತ್ತರದ ಗೋಳ, ಶಂಕು, ಕಂಬದಾಕಾರದ ಕೊಳಗ ತೆಗೆದುಕೊಂಡು, ಗೋಳದ ತುಂಬ ನೀರು, ಶಂಕುವಿನ ತುಂಬ ನೀರು ಸುರಿದರೆ ಕೊಳಗ ಕಂಠಮಟ್ಟ ತುಂಬುತ್ತದೆ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದು ಅವನು ಮತ್ತೆ ಮತ್ತೆ ಸುರಿದು ನೋಡಿ ಕೂಸಿನಂತೆ ನಕ್ಕಿದ್ದ. ಆ ಪಾಠದ ನೆನಪಿಗೆ ನನಗಾಗಿ ಮಾಡಿಟ್ಟಿದ್ದಾನೆಂದು ಬಂದವರಿಗೆಲ್ಲ ಆ ಗೋಳ ಶಂಕುಗಳನ್ನು ತೋರಿಸುತ್ತಿದ್ದೆ.

ಚೆಂಬವ್ವ ಎದ್ದು ಹೋದ ಮೇಲೆ ಅಳತೆಗೋಲು ತೆಗೆದುಕೊಂಡೆ. ಊರೆಲ್ಲ ಅಳೆದ ನಾನು ನನ್ನ ಮನೆಯನ್ನು ಅಳೆದಿರಲಿಲ್ಲ. ಹಳೆಯ ಮನೆ ನನಗೆ ಗೊತ್ತಿತ್ತು: ಹನ್ನೆರಡು ಮೊಳ ಉದ್ದ, ಒಂಬತ್ತು ಅಗಲ, ಆರು ಎತ್ತರ, ಮೂವರ ಪಾಲು. ಈಗ ಅವನು ಕಟ್ಟಿದ್ದನ್ನು ಒಂದೊಂದಾಗಿ ಕೂಡಿಸಿದೆ. ನೆಲ ನೂರ ಎಂಟು. ಒಳಗೋಡೆ ನಲವತ್ತೈದು. ಕಟ್ಟೆ ಹದಿನೈದು. ಮೂರು ಕಂಬಗಳು ಸೇರಿ ನಲವತ್ತೇಳು, ಸ್ವಲ್ಪ ಹೆಚ್ಚು. ಒಟ್ಟು ಇನ್ನೂರ ಹದಿನೈದಾಯಿತು. ಒಂದು ಕಡಿಮೆ ಬಿತ್ತು. ಆ ಒಂದು ಕಡಿಮೆ ಬಿದ್ದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲೇ ನೆಲಕ್ಕೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡೆ. ಇದು ಬೇರೆ ಏನೋ, ನಾನು ಸುಮ್ಮನೆ ಸಂಶಯಪಟ್ಟೆ ಎಂದುಕೊಂಡೆ. ತಲೆ ಎತ್ತಿದರೆ ಎದುರಿಗೆ ಕಟ್ಟೆಯ ಮೇಲೆ ಗೋಳ ಮತ್ತು ಶಂಕು ಕುಳಿತಿದ್ದವು.

ಅವೂ ಲೆಕ್ಕಕ್ಕೆ ಸೇರಿದ್ದವು. ಅವನ್ನು ಸೇರಿಸಿದರೆ ಇನ್ನೂರ ಹದಿನಾರಕ್ಕೆ ಒಂದು ಬುಟ್ಟಿ ಮಣ್ಣಿನಷ್ಟೂ ಕೊರತೆ ಉಳಿಯಲಿಲ್ಲ. ತುಂಗವ್ವನ ಮನೆಯಲ್ಲಿ ತುಂಬು ಎಂದು ನಾನು ಹೇಳಿದ್ದನ್ನು ಅವನು ನನ್ನ ಮನೆಯಲ್ಲಿ ತುಂಬಿದ್ದ. ತನ್ನ ತಲೆಯನ್ನು ಇಲ್ಲಿಂದ ತೆಗೆದು ಅಲ್ಲಿಟ್ಟು, ಎರಡೂ ಬಾಗಿಲು ಮುಚ್ಚುವಂತೆ ಮಾಡಿದ್ದ. ಅದೂ ನಾನು ಕಲಿಸಿದ ಲೆಕ್ಕದಿಂದ.

ಅತ್ತೆ ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ನಿಮಗ ಗೊತ್ತಿತ್ತೇನ್ರಿ ಅತ್ತಿ?”

“ಮಣ್ಣ ಹೊತ್ತಾಕಿನ ನಾನು,” ಎಂದರು.

“ಯಾಕಂತ ಕೇಳಲಿಲ್ಲೇನ್ರಿ?”

“ಕೇಳಿದ್ನಿ. ಬಾಗಲಾ ಮುಚ್ಚಬೇಕಲ್ಲಬೇ ಅಂದ.” ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದರು. “ನನ್ನ ಮಗ. ನಾ ಏನ ಮಾಡ್ಲಿ.”

ನಾನು ಕೋಲು ಹಿಡಿದೇ ಕೆರೆಯ ದಾರಿಗೆ ಹೋದೆ. ದಾರಿಯುದ್ದಕ್ಕೂ ತುಂಗವ್ವನ ಒಂದೊಂದೇ ಕುಂದನ್ನು ನೆನೆಯುತ್ತ ಹೋದೆ. ಹಲ್ಲು, ಕಣ್ಣು, ಗೂನು ಬಿದ್ದ ಬೆನ್ನು. ನೆನೆದಷ್ಟೂ ಹೊಟ್ಟೆ ಹೆಚ್ಚೇ ಉರಿಯಿತು. ಚೆಲುವೆಯಾಗಿದ್ದರೆ ಗಂಡಸಿನ ಹಾಳು ಕಣ್ಣು ಎಂದು ಬೈದುಬಿಡಬಹುದಿತ್ತು.

ಅವಳ ಬಾಗಿಲು ಗೇಣಗಲ ತೆರೆದು ನಿಂತಿತ್ತು. ಕಲ್ಲಿರಲಿಲ್ಲ, ಬೆಣೆಯಿರಲಿಲ್ಲ. ಮುಚ್ಚುತ್ತದೋ ಎಂದು ಕೈಯಿಟ್ಟು ನೂಕಿದೆ. ಬೆಟ್ಟವನ್ನು ನೂಕಿದಂತಿತ್ತು. ನನಗೆ ಸಿಗಬೇಕಾಗಿದ್ದ ಸಂದು ಅದು. ಅದರಲ್ಲಿ ಮೈ ತೂರಿಸಿಕೊಂಡು ಒಳಗೆ ಹೋದೆ.

ಒಳಗೆ ಏನೂ ಬದಲಾಗಿರಲಿಲ್ಲ. ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ. ಸೂರು ತುದಿಯವರೆಗೆ ಖಾಲಿ ಏರಿ ಹೋಗಿತ್ತು, ಮೇಲಿನ ಕಿಂಡಿಯಿಂದ ಬೆಳಕು ಇಳಿದು ಕೌದಿಯ ಮೇಲೆ ಬಿದ್ದಿತ್ತು. ತುಂಗವ್ವ ಸೂಜಿ ಹಿಡಿದು ಕುಳಿತಿದ್ದಳು. ಹೆಜ್ಜೆಯ ಸದ್ದಿನಲ್ಲೇ ನನ್ನನ್ನು ಗುರುತಿಸಿದಳು.

“ಬಾ ತಂಗಿ. ಕರಸಬೇಕಂತಿದ್ನಿ. ಧೈರ್ಯ ಆಗಲಿಲ್ಲ.”

“ಯಾರ ಸತ್ತಾರಂತ ಬಾಗಲಾ ಬಿಟಗೊಂಡೈತಿ?”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ನಿನಗ ಗೊತ್ತೈತಿ. ಈರಬಸಣ್ಣ.”

“ಅಣ್ಣ ಅಂದ್ರ ಮುಗೀತೇನ?”

“ನಾ ಹಂಗ ಕರೀತಿದ್ನಿ. ಆಂವಾ ಏನ ಅನಕೊಂಡಿದ್ನೋ ನಾ ಕೇಳಲಿಲ್ಲ.”

“ಇಲ್ಲಿ ಬಂದು ಏನ ಮಾಡತಿದ್ದ?”

“ಕುಂದರತಿದ್ದ. ಸೂಜಿಗೆ ದಾರಾ ಪೋಣಿಸಿ ಕೊಡತಿದ್ದ, ನನಗ ಕಣ್ಣ ಕಾಣೂದಿಲ್ಲಲ್ಲ. ಮಾತಾಡತಿದ್ದ.”

ಮಾತಾಡುತ್ತಿದ್ದನೇ. ನಮ್ಮ ಮನೆಯಲ್ಲಿ ಈರಬಸಪ್ಪ ಎಷ್ಟು ಉದ್ದ, ಎಷ್ಟು ಅಗಲ ಎಂಬುದರ ಆಚೆಗೆ ನಾಲ್ಕು ಮಾತು ಆಡಿದವನಲ್ಲ. ಸ್ವಭಾವವೇ ಹಾಗೆ ಎಂದು ನಾನು ಬಾಳು ಕಳೆದೆ. “ಏನ ಮಾತಾಡತಿದ್ದ?” ಎಂದು ಕೇಳಿದೆ. ಕೇಳಬಾರದಿತ್ತು.

“ಏನಾರ. ಸಣ್ಣಂವ ಇದ್ದಾಗ ಕೆರ್‍ಯಾಗ ಮುಳುಗಿದ್ದು. ಅವರಪ್ಪನ ಸಿಟ್ಟು. ನಿಮಗ ಕೂಸ ಆಗಲಿಲ್ಲಲ್ಲ, ಅದು.” ಅವಳು ಸೂರಿನ ಕಡೆ ಕೈ ತೋರಿಸಿದಳು. “ಸೂರ ಮುಚ್ಚಾಕಂತ ಬಂದಾಂವ ಏಣಿ ಹತ್ತಿ, ಮ್ಯಾಲ ನೋಡಕೋತ ಕುಂತಬಿಟ್ಟ. ಇಷ್ಟ ಚೆಂದ ಖಾಲಿ ಐತಿ, ಮಣ್ಣ ತುಂಬಾಕ ಕೈ ಬರವಲ್ದು ಅಂದ. ಮರುದಿನಾ ಬಂದ. ಅದರ ಮರುದಿನಾನೂ ಬಂದ. ಒಂದಿನ ಬಾಗಲಾ ತಾನ ಮುಚಗೊಂತು. ನಾನೂ ಅಂಜಿದ್ನಿ, ಆಂವನೂ ಅಂಜಿದ.”

ಕೂಸಿನ ವಿಷಯ ನಾನೂ ಅವನೂ ಒಮ್ಮೆಯೂ ಆಡಿಕೊಂಡದ್ದಿಲ್ಲ. ಅದು ನೋಯುತ್ತದೆಂದು ನಾನು ಬಾಯಿ ಬಿಗಿಹಿಡಿದಿದ್ದೆ. ಅವನು ಇಲ್ಲಿ ಬಂದು, ದಾರ ಪೋಣಿಸುತ್ತ, ಅದನ್ನು ಇವಳಿಗೆ ಹೇಳಿದ್ದ. ಇಬ್ಬರೂ ಹಾಸಿಗೆ ಹಂಚಿಕೊಂಡಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

“ನಾಳೆ ಗೌಂಡಿನ್ನ ಕಳಸತೇನಿ,” ಎಂದೆ. “ಮದ್ಲ ಸೂರ ಮುಚ್ಚತಾನ. ಅದು ನೂರ ಹದಿನೆಂಟ. ಉಳದದ್ದ ಕೆಳಗಿಂದ ತುಂಬತಾನ.”

“ಬ್ಯಾಡ ತಂಗಿ. ಬಾಗಲಾ ಹಂಗ ಇರಲಿ. ಕೌದಿ ಇಳಿಬಿಡತೇನಿ.”

“ಚಳಿಗಾಲ ಬರತೈತಿ.”

“ಬರಲಿ.”

ಅವಳು ತೆರೆದಿಟ್ಟುಕೊಂಡು ಬದುಕುವುದಾದರೆ ನಾನು ಕಲ್ಲು ಇಟ್ಟುಕೊಂಡು ಬದುಕಬೇಕೇ? ಮನೆಗೆ ಬಂದವಳೇ ಹಾರೆ ತೆಗೆದುಕೊಂಡೆ. ಮೊದಲು ಗೋಳ, ಆಮೇಲೆ ಶಂಕು. ಕಂಬಗಳು ಸುಲಭಕ್ಕೆ ಬೀಳಲಿಲ್ಲ. ಒಳ್ಳೆಯ ಗೌಂಡಿ ಅವನು. ಕಟ್ಟೆ ಒಡೆದೆ, ಒಳಗೋಡೆ ಕೆಡವಿದೆ, ಕೊನೆಗೆ ಕೂಲಿಯವರನ್ನು ಕರೆಸಿ ನೆಲವನ್ನೂ ಹಳೆಯ ಮಟ್ಟಕ್ಕೆ ಅಗೆಸಿದೆ. ಅಂಗಳದ ತುಂಬ ಮಣ್ಣು ರಾಶಿ ಬಿತ್ತು. ಅತ್ತೆ ಅಂಗಳದಲ್ಲಿ ಕುಳಿತು ಎಲ್ಲವನ್ನೂ ನೋಡಿದರು. ಕೊನೆಯ ಬುಟ್ಟಿ ಹೊರಬಿದ್ದ ಮೇಲೆ ಹೊಸ್ತಿಲಿನ ಕಲ್ಲನ್ನು ಒದ್ದು ಬಾಗಿಲು ಎಳೆದೆ. ಅದು ಒಂದು ಗೇಣು ಬಿಟ್ಟು ನಿಂತಿತು. ಎರಡೂ ಕೈಯಿಂದ ಎಳೆದೆ, ಬರಲಿಲ್ಲ. ಆಗ ಮೊದಲ ಸಲ ನನಗೆ ನಿಜವಾದ ಅಳು ಬಂತು.

ಊರವರು ಮೆಚ್ಚಿದರು. ಗಂಡ ಕಟ್ಟಿದ್ದನ್ನು ನೋಡಲಾರದೆ ಕೆಡವಿದಳು ಎಂದರು. ಪದ್ಧತಿಯಂತೆ ಬುಟ್ಟಿ ಹೊತ್ತು ತುಂಬಲು ಬಂದವರಿಗೆ ಸದ್ಯ ಬೇಡ ಎಂದೆ. ಹಾಗೆಂದದ್ದಕ್ಕೆ ಇನ್ನೂ ಮೆಚ್ಚಿದರು. ತುಂಗವ್ವನ ಬಾಗಿಲಿನ ಮಾತೂ ತಣ್ಣಗಾಯಿತು. ದೂರದ ನೆಂಟರು ಯಾರೋ ಇರಬೇಕು ಎಂದು ಬಿಟ್ಟರು. ನಾನು ಮಾತ್ರ ಬಿಡಲಿಲ್ಲ. ಕೆರೆಗೆ ಹೋಗುವ ನೆಪ ಮಾಡಿ ಅವಳ ಬಾಗಿಲನ್ನು ನೋಡಿ ಬರುತ್ತಿದ್ದೆ. ತುಂಬಿಸಿದಳೋ ಇಲ್ಲವೋ. ಇಲ್ಲ. ಹಾಗಾದರೆ ನಾನೂ ಇಲ್ಲ. ಅವಳು ತುಂಬಿಸುವ ದಿನ ನಾನು ಗೆದ್ದಂತೆ ಎಂದುಕೊಂಡಿದ್ದೆ.

ಚಳಿ ಬಿತ್ತು. ಕೆರೆಯ ಕಡೆಯ ಗಾಳಿ ಬಾಗಿಲಿನ ಸಂದಿಯಲ್ಲಿ ನುಗ್ಗಿ ನೇರ ಅತ್ತೆಯ ಹಾಸಿಗೆಗೆ ಬರುತ್ತಿತ್ತು. ಅವರಿಗೆ ಕೆಮ್ಮು ಹಿಡಿಯಿತು. ನಾನು ಗೋಣಿಚೀಲ ಕಟ್ಟಿದೆ, ಒಲೆ ಆರದಂತೆ ನೋಡಿಕೊಂಡೆ. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಮಡಿಚಿಟ್ಟ ಕೌದಿಯೊಂದು ಇತ್ತು. ಅದರ ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ಅದನ್ನು ಮಣ್ಣಿನ ರಾಶಿಯ ಮೇಲೆ ಎಸೆದೆ. ಅತ್ತೆ ಕೆಮ್ಮುತ್ತ ಎದ್ದು ಹೋಗಿ, ಅದನ್ನು ಎತ್ತಿ, ಕೊಡವಿ, ಮೈತುಂಬ ಹೊದ್ದುಕೊಂಡರು.

“ನಿನ್ನ ಹಟಾ ನಿನಗಿರಲಿ,” ಎಂದರು. “ನನ್ನ ಮಗ ಯಾರಾಂವ ಅಂತ ನೀವಿಬ್ಬರೂ ಜಗಳಾಡಕೋರಿ. ನನಗೊಂದು ಬಾಗಲಾ ಬೇಕು.”

“ತುಂಬಿಸತೇನ್ರಿ ಅತ್ತಿ. ಆಕಿ ಮದ್ಲ ತುಂಬಿಸಲಿ.”

ಅತ್ತೆ ಕೌದಿ ಎಳೆದುಕೊಂಡು ಗೋಡೆಯ ಕಡೆ ಹೊರಳಿದರು. ಮಧ್ಯಾಹ್ನ ನಾನು ಒಂದು ಮನೆಯ ಅಳತೆಗೆ ಹೋಗಿ ಬರುವಷ್ಟರಲ್ಲಿ ಅವರ ಸೀರೆಯ ಗಂಟು ಇರಲಿಲ್ಲ. ಒಳಗೆ ಹೋಗಬೇಕೆಂದು ಬಂದವಳಿಗೆ ಮೈ ತೂರಿಸುವ ಅಗತ್ಯ ಬೀಳಲಿಲ್ಲ. ಬಾಗಿಲು ಎರಡು ಗೇಣು ತೆರೆದು ನಿಂತಿತ್ತು.

ಎಲ್ಲಿಗೆ ಹೋಗಿದ್ದಾರೆಂದು ಯಾರನ್ನೂ ಕೇಳಲಿಲ್ಲ. ಕೆರೆಯ ದಾರಿಯಲ್ಲಿ ದುಂಡು ಮನೆಯ ಬಾಗಿಲು ಬಿಗಿಯಾಗಿ ಮುಚ್ಚಿತ್ತು. ಇಬ್ಬರ ಪಾಲಿನ ಮನೆ, ಒಳಗೆ ಇಬ್ಬರು. ಸೂರು ಉಳಿಯಿತು. ನಾನು ಮುಚ್ಚುತ್ತೇನೆಂದ ಸೂರು. ಒಳಗಿನಿಂದ ಅತ್ತೆಯ ಮಾತು ಕೇಳಿಸುತ್ತಿತ್ತು, ಅದರ ಹಿಂದೆಯೇ ನಗು. ಎಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೆವು, ಅವರಿಗೆ ಅಂಥ ನಗು ಇದೆಯೆಂದು ನನಗೆ ಗೊತ್ತಿರಲಿಲ್ಲ. ಮಗನನ್ನು ಕೊಟ್ಟೆ, ಈಗ ತಾಯಿಯನ್ನೂ ಕೊಟ್ಟೆ ಎಂದುಕೊಂಡೆ. ಹಿಂದಿರುಗಿ ಹೋಗಬೇಕೆಂದು ಎರಡು ಸಲ ತಿರುಗಿದೆ. ಆಮೇಲೆ ಬಾಗಿಲು ಬಡಿದೆ.

“ಯಾರವ್ರು?” ಎಂದಳು ತುಂಗವ್ವ.

“ಕಸ್ತೂರಿ.”

ತೆರೆಯಲು ಬರುವ ಹೆಜ್ಜೆಯ ಸದ್ದು ಕೇಳಿತು. ನನಗೆ ಆ ಮುಖ ನೋಡುವುದು ಬೇಕಿರಲಿಲ್ಲ.

“ತಗೀಬ್ಯಾಡ,” ಎಂದೆ. “ಅತ್ತೀಗೆ ಒಂದ ಮಾತ ಕೇಳೂದೈತಿ. ಅತ್ತೀ, ಮನಿ ತುಂಬಸಾಕ ಹತ್ತೇನಿ. ಎಷ್ಟ ತುಂಬ್ಲಿರಿ? ಒಬ್ಬಾಕಿ ಪಾಲ ಬಿಟ್ಟ ಉಳದದ್ದೆಲ್ಲಾ ತುಂಬ್ಲ್ಯೋ, ಇಬ್ಬರದ ಬಿಡ್ಲ್ಯೋ?”

ಊರಿಗೆಲ್ಲ ಎಷ್ಟು ತುಂಬಬೇಕೆಂದು ಹೇಳುವ ನಾನು ಮುಚ್ಚಿದ ಬಾಗಿಲಿಗೆ ಹಣೆ ಆನಿಸಿ ಅದನ್ನು ಕೇಳುತ್ತ ನಿಂತಿದ್ದೆ. ಒಳಗೆ ಕೆಮ್ಮು ಬಂದು ನಿಂತಿತು.

“ಇಬ್ಬರದ ಬಿಡು,” ಎಂದರು ಅತ್ತೆ. “ಬರತೇನಂತ ಅಲ್ಲ. ಬಿಟ್ಟಿರು.”

ಹಾಗೆಯೇ ಮಾಡಿದೆ. ಈ ಸಲ ಕಂಬ ಬೇಡ, ಕಟ್ಟೆ ಬೇಡ. ಹನ್ನೆರಡು ಉದ್ದ, ಒಂಬತ್ತು ಅಗಲ, ಎರಡು ಎತ್ತರ. ನೆಲವನ್ನು ಅಷ್ಟು ಏರಿಸಿದರೆ ಒಬ್ಬರ ಪಾಲು ಹೋಯಿತು. ಮಣ್ಣು ಅಂಗಳದಲ್ಲೇ ಇತ್ತು. ಹೊಸ ಗೌಂಡಿ ಎಳೆಯ ವಯಸ್ಸಿನವನು, ಮಾತು ಹೆಚ್ಚು, ಕೆಲಸ ಸುಮಾರು.

ಈಗ ಇ‍ಬ್ಬರ ಪಾಲಿನ ಮನೆಯಲ್ಲಿ ಒಬ್ಬಳೇ ಇದ್ದೇನೆ, ಬಾಗಿಲು ಗೇಣಗಲ ತೆರೆದಿದೆ. ತುಂಗವ್ವನ ಮನೆಯ ನಗು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತದೆ, ಕೆರೆಗೆ ಹೋಗುವಾಗ ದೂರದ ದಾರಿ ಹಿಡಿಯುತ್ತೇನೆ. ಸಂಜೆ ಅತ್ತೆಯ ಹಾಸಿಗೆ ಕೊಡವಿ ಹಾಸುತ್ತೇನೆ. ಓಣಿಯವರು ಬಾಗಿಲಿನ ಸಂದು ನೋಡಿ, ಸತ್ತ ಗಂಡನನ್ನು ಇನ್ನೂ ಬಿಟ್ಟುಕೊಟ್ಟಿಲ್ಲ ನೋಡಿ ಎಂದು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಾರೆ. ಅದು ಮುದುಕಿಗಾಗಿ ಬಿಟ್ಟ ಜಾಗ ಎಂದು ನಾನು ಯಾರಿಗೂ ಹೇಳಲು ಹೋಗಿಲ್ಲ.